ಗಾಜಿನೊಳಗಿನ ಹೊಂಗೆ

ಕಟ್ಟಡಗಳ ಸುತ್ತ ಯಾವ ಮರ ಎಲ್ಲಿರಬೇಕು, ಎಲ್ಲಿ ಹುಲ್ಲು, ಎಲ್ಲಿ ಬರೀ ಮಣ್ಣು ಎಂದು ನಕ್ಷೆ ಬರೆದುಕೊಡುವುದು ನನ್ನ ಕಸುಬು. ನಮ್ಮ ಹಳೇಬೀಡಿನಲ್ಲಿ ಇದನ್ನು ಹೇಳಿದರೆ ಜನ ಈಗಲೂ ನಗುತ್ತಾರೆ. "ಗಿಡ ನೆಡಾಕೂ ನಕ್ಷೆ ಬೇಕೇನವ್ವ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿದ್ದಾರೆ. ನಾನು ಓದು ಮುಗಿಸಿ ಬಂದ ವರ್ಷ ಅಪ್ಪ ತಮ್ಮ ಅಂಗಡಿಯ ಗಿರಾಕಿಗಳಿಗೆ, "ಮಗಳು ಆಫೀಸುಗಳಿಗೆ ತೋಟ ಹಾಕಿಕೊಡ್ತಾಳೆ" ಎಂದು ವಿವರಿಸುತ್ತಿದ್ದರು. ಹಾಗಲ್ಲ ಅಪ್ಪಾ ಎಂದು ನಾನು ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ. ತೋಟವನ್ನಾದರೂ ಹಾಕಿಕೊಟ್ಟಿದ್ದರೆ ನಾಲ್ಕು ಜನ ಅದರೊಳಗೆ ಕಾಲಿಡುತ್ತಿದ್ದರು.

ನಾನಿಲ್ಲಿ ಹೇಳಹೊರಟಿರುವುದು ಒಂದು ಹೊಂಗೆ ಮರದ ವಿಚಾರ. ಅದನ್ನು ಕೊಡಲಿಯಿಂದ ಉಳಿಸಿದವಳು ನಾನೇ. ಆ ಕಾರಣಕ್ಕೆ ಯಾರಾದರೂ ನನ್ನನ್ನು ಹೊಗಳಿದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅರಸೀಕೆರೆಯಲ್ಲಿ ತೆಂಗು ಬೆಳೆಗಾರರ ಸಂಘವೊಂದರ ಹಳೆಯ ಕಚೇರಿಯಿತ್ತು. ಹೆಂಚು ಹೊದಿಸಿದ ಉದ್ದನೆಯ ಕಟ್ಟಡ, ಅದರ ಮುಂದೆ ಈ ಹೊಂಗೆ. ಹಳೇಬೀಡಿನ ಹೊರಗೆ ನಮಗೂ ತುಸು ತೆಂಗಿನ ತೋಟವಿದೆ, ಹಾಗಾಗಿ ಅಪ್ಪ ಆ ಸಂಘದ ಸದಸ್ಯರು. ಚಿಕ್ಕವಳಿದ್ದಾಗ ಅವರ ಜೊತೆ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಕೊಬ್ಬರಿ ಕೊಡುವ ಕಾಲದಲ್ಲಿ ಹೆಸರು ಬರೆಸಲು, ಪಹಣಿ ಕೊಡಲು, ಸಹಿ ಹಾಕಲು ಎರಡು ತಾಲ್ಲೂಕಿನ ಜನ ಅಲ್ಲಿ ಸೇರುತ್ತಿದ್ದರು. ಕಚೇರಿಯೊಳಗೆ ನಾಲ್ಕು ಜನ ನಿಲ್ಲಲು ಜಾಗವಿರಲಿಲ್ಲ. ಉಳಿದವರೆಲ್ಲ ಹೊಂಗೆಯಡಿಯಲ್ಲಿ. ಯಾರೋ ಟವೆಲ್ ಹಾಸಿ ಒಂದು ನಿದ್ದೆ ತೆಗೆಯುತ್ತಿದ್ದರು, ಯಾರೋ ಬುತ್ತಿ ಬಿಚ್ಚುತ್ತಿದ್ದರು. ಓದು ಬಂದವನೊಬ್ಬ ಐದಾರು ಜನರ ಅರ್ಜಿ ತುಂಬಿಕೊಡುತ್ತಿದ್ದ. ಗುಮಾಸ್ತ ಬಾಗಿಲಿಗೆ ಬಂದು ಹೆಸರು ಕೂಗಿದರೆ ಎದ್ದು ಹೋಗುವುದು, ಕೆಲಸವಾಗದಿದ್ದರೆ ಬಂದು ಮತ್ತೆ ಕೂರುವುದು. ಮರದ ಬುಡದ ಮಣ್ಣು ಕೂತು ಕೂತು ಸಾರಿಸಿದ ನೆಲದ ಹಾಗೆ ನುಣ್ಣಗಾಗಿತ್ತು.

ಆ ಕಚೇರಿ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಸಂಘದ ಅಧ್ಯಕ್ಷರು ನನ್ನನ್ನು ಕರೆಸಿದರು. ಅಪ್ಪನ ಪರಿಚಯದವರು, ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ಕಟ್ಟಡ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಬೆಂಗಳೂರಿನಿಂದ ಬಂದಿದ್ದರು. ಗಿಡಮರಗಳ ಭಾಗ ಮಾತ್ರ ನನ್ನದು. ಮೂವರೂ ಅದೇ ಹೊಂಗೆಯ ನೆರಳಲ್ಲಿ ನಿಂತಿದ್ದೆವು. ಅಧ್ಯಕ್ಷರು ಮರದ ಕಾಂಡಕ್ಕೆ ಅಂಗೈಯಿಂದ ಬಡಿದು, "ಮೊದ್ಲು ಇದನ್ನ ತೆಗಿಸ್ಬೇಕು ಕಣಮ್ಮ. ಇದು ಹೋದ್ರೆ ಕಾರು ನಿಲ್ಸಾಕೆ ಧಾರಾಳ ಜಾಗ ಆಯ್ತದೆ" ಎಂದರು.

"ಇದನ್ನ ತೆಗೆಯೋದಾದ್ರೆ ನನ್ನನ್ಯಾಕೆ ಕರೆಸಿದ್ರಿ?" ಎಂದೆ. ಆಗ ನನಗೆ ವಯಸ್ಸು ಕಡಿಮೆ, ಬಾಯಿ ಜೋರು.

ಆರ್ಕಿಟೆಕ್ಟ್ ತಲೆಯೆತ್ತಿ ಮರವನ್ನೇ ನೋಡುತ್ತಿದ್ದರು. ಮೆಲುದನಿಯ, ಒಳ್ಳೆಯ ಕನ್ನಡದ ಮನುಷ್ಯ. "ಸರ್, ಈ ಮರಾನೇ ಈ ಕಟ್ಟಡದ ಜೀವ. ಇದರ ಸುತ್ತ ಕಟ್ಟೋಣ. ನಡುವೆ ಅಂಗಳ, ಆಕಾಶಕ್ಕೆ ತೆರೆದಿರುತ್ತೆ. ನಾಲ್ಕೂ ಕಡೆ ಗಾಜು. ಎಲ್ಲಿ ಕೂತ್ರೂ ಮರ ಕಾಣ್ಬೇಕು" ಎಂದರು. ಅಧ್ಯಕ್ಷರು, "ಪೇಪರಲ್ಲಿ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದು ಅವರು ಹೇಳಿದ ಮೇಲೆ ಮರ ಉಳಿಯಿತು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ವಿಷಯ ಹೇಳಿಬಿಟ್ಟಿದ್ದೆ.

ಕಟ್ಟುವುದಕ್ಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಮರವನ್ನು ಕಾಯ್ದವರು ಸಂಘದ ಮಾಲಿ, ಗಂಡಸಿ ಊರಿನ ಕಡೆಯ ಹಿರಿಯರು. ನಾನು ಅವರನ್ನು ಯಜಮಾನ್ರೇ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಒಮ್ಮೆ ಅವ್ವ, ಒಮ್ಮೆ ಮೇಡಂ. ಗಾರೆ ಕೆಲಸದವರಿಗೆ ನೆರಳು ಸಿಕ್ಕಿದ್ದೇ ತಡ, ಮಿಕ್ಸರ್ ತೊಳೆದ ನೀರನ್ನೆಲ್ಲ ಹೊಂಗೆಯ ಬುಡಕ್ಕೆ ಚೆಲ್ಲುತ್ತಿದ್ದರು. ಒಂದು ಮಧ್ಯಾಹ್ನ ನಾನಿದ್ದಾಗಲೇ ಯಜಮಾನರು ಅಂಥ ಒಬ್ಬನ ಕೈ ಹಿಡಿದು ನಿಲ್ಲಿಸಿದರು.

"ನೀನು ಉಣ್ಣೋ ತಟ್ಟೆಗೆ ಸಿಮೆಂಟ್ ನೀರು ಹುಯ್ದ್ರೆ ಉಣ್ತೀಯೇನ್ಲಾ?"

"ಮರಕ್ಕೇನ್ ಗೊತ್ತಾಯ್ತದೆ ಯಜಮಾನ?"

"ಗೊತ್ತಾಗೋದು ಮರಕ್ಕೇ ಕಣ್ಲಾ. ನಿಂಗೇ ಗೊತ್ತಾಗ್ದೇ ಇರೋದು."

ಮಾರನೆಯ ದಿನ ಅವರು ಬುಡದ ಸುತ್ತ ಕಲ್ಲು ಜೋಡಿಸಿ ಮಣ್ಣಿನ ದಿಂಡು ಹಾಕಿದರು. ನೀರಿನ ತೊಟ್ಟಿಗೆ ಗುಂಡಿ ತೋಡಲು ಜೆಸಿಬಿ ಬಂದು ಬೇರಿಗೆ ಕೈ ಹಾಕಿದಾಗ ಗುಂಡಿಯಲ್ಲಿ ಇಳಿದು ಕೂತೇಬಿಟ್ಟರು. ನನಗೆ ಫೋನು ಬಂತು. ನಾನು ಹಳೇಬೀಡಿನಿಂದ ಹೋಗಿ ಮುಟ್ಟುವವರೆಗೂ ಎದ್ದಿರಲಿಲ್ಲ. ಮೇಸ್ತ್ರಿಯ ಹತ್ತಿರ ಜಗಳವಾಡಿ ತೊಟ್ಟಿಯನ್ನು ಎಂಟಡಿ ಆಚೆ ಸರಿಸಿದೆವು. ಎರಡೂ ಬೇಸಿಗೆ ಅವರು ಕೊಡದಲ್ಲಿ ಹೊತ್ತು ನೀರು ಹಾಕಿದರು. ಮರ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ಎಲೆ ಹೊತ್ತು ಮಿಣಮಿಣ ಎನ್ನುತ್ತಿತ್ತು. ನಾವು ಗೆದ್ದೆವು ಎಂದುಕೊಂಡಿದ್ದೆ.

ಕೊನೆಯ ಕೆಲವು ತಿಂಗಳು ನಾನು ಬೇಲೂರಿನ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಅರಸೀಕೆರೆ ಕಡೆ ಹೋಗಲಿಲ್ಲ. ಇದು ನನ್ನ ತಪ್ಪು. ಕಟ್ಟಡದ ಕೆಲಸದಲ್ಲಿ ಕೊನೆಯ ತಿಂಗಳುಗಳಲ್ಲೇ ಎಲ್ಲ ಕೆಡುವುದು. ಉದ್ಘಾಟನೆಯ ದಿನ ಗೇಟಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗೇಟಿನಿಂದ ಬಾಗಿಲವರೆಗೆ ನಾನು ನಕ್ಷೆಯಲ್ಲಿ ಬೇವು, ಹೊಂಗೆ, ಸಂಪಿಗೆ ಹಾಕಿದ್ದೆ. ಜನ ಬಿಸಿಲಲ್ಲಿ ಕಾಯಬಾರದು ಎಂಬ ಒಂದೇ ಕಾರಣಕ್ಕೆ ಹಾಕಿದ ಮರಗಳು ಅವು. ಅವುಗಳ ಜಾಗದಲ್ಲಿ ಲಾರಿಯಲ್ಲಿ ತಂದ ಅಲಂಕಾರದ ಪಾಮ್ ಗಿಡಗಳು ಸಾಲಾಗಿ ನಿಂತಿದ್ದವು, ನರಿಬಾಲದಂಥ ಗರಿ ಹೊತ್ತುಕೊಂಡು. ತೆಂಗು ಬೆಳೆಯುವವರ ಕಚೇರಿಯ ಮುಂದೆ ಕಾಯಿಯೂ ಬಿಡದ, ನೆರಳೂ ಕೊಡದ ಪಾಮ್! ಇಷ್ಟು ಚೆನ್ನಾಗಿ ಆ ಜನರನ್ನು ಅಣಕಿಸಬೇಕು ಎಂದು ಕೂತು ಯೋಚಿಸಿದ್ದರೂ ಯಾರಿಗೂ ಹೊಳೆಯುತ್ತಿರಲಿಲ್ಲ.

"ಎಲೆ ಉದ್ರಲ್ಲ ಮೇಡಂ, ಕ್ಲೀನಾಗಿರುತ್ತೆ," ಎಂದರು ಅಲ್ಲಿನ ಮ್ಯಾನೇಜರು. "ಆರ್ಕಿಟೆಕ್ಟ್ ಸರ್ ಒಪ್ಪಿದ್ರು."

ಒಳಗಿನ ಅಂಗಳದಲ್ಲಿ ಹೊಂಗೆ ಇತ್ತು. ಕಾಂಡವನ್ನು ಮುಟ್ಟುವಷ್ಟು ಹತ್ತಿರಕ್ಕೆ ಗ್ರಾನೈಟ್ ಬಂದಿತ್ತು. ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಗಾಜು, ಒಂದು ಗಾಜಿನ ಬಾಗಿಲು, ಅದಕ್ಕೆ ಬೀಗ. ಅವತ್ತು ಬೀಗ ತೆಗೆದು ಅತಿಥಿಗಳನ್ನು ಅಲ್ಲೇ ಕೂರಿಸಿ ಬಾದಾಮಿ ಹಾಲು ಕೊಟ್ಟರು. ಭಾಷಣದಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಪರಿಸರ ಪ್ರೇಮಿ ಎಂದು ಹೇಳಿ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಆಮೇಲೆ ನಾಲ್ಕೈದು ತಿಂಗಳಿಗೆ, ಹೊಂಗೆ ಹೂ ಬಿಡುವ ಕಾಲದಲ್ಲಿ ಆರ್ಕಿಟೆಕ್ಟ್ ಫೋನ್ ಮಾಡಿದರು. ಕಟ್ಟಡದ ಚಿತ್ರ ತೆಗೆಸಲು ಛಾಯಾಗ್ರಾಹಕರೊಬ್ಬರನ್ನು ಕರೆತರುತ್ತಿದ್ದಾರೆ, ನೀವೂ ಇದ್ದರೆ ಚೆನ್ನ ಎಂದರು. ಹೋದೆ. ಬಿಸಿಲು ವಾಲಿದ್ದರೂ ನೆತ್ತಿ ಸುಡುತ್ತಿತ್ತು. ಗೇಟಿನ ಹತ್ತಿರ ಮೂವತ್ತು ನಲವತ್ತು ಜನ ನಿಂತಿದ್ದರು. ಒಳಗಿನ ಹವಾನಿಯಂತ್ರಿತ ಹಾಲಿಗೆ ಟೋಕನ್ ಇದ್ದ ಹತ್ತು ಜನರನ್ನು ಮಾತ್ರ ಬಿಡುವುದು, ಉಳಿದವರು ಹೊರಗೆ. ಪಾಮ್ ಗಿಡದ ಕಾಂಡದ ನೆರಳು ಒಂದು ಗೇಣು ಅಗಲ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತ ಜನರನ್ನು ನಾನು ನೋಡಿದೆ. ತಮಾಷೆಗೆ ಹೇಳುತ್ತಿಲ್ಲ. ಆ ಗೇಣಗಲದ ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು.

ಒಳಗೆ ಯಜಮಾನರ ಬೆನ್ನಿಗೆ ಒಂದು ಯಂತ್ರ ಕಟ್ಟಿದ್ದರು. ಉದುರಿದ ಹೂವು ಊದಿ ಓಡಿಸುವ ಯಂತ್ರ. ಹೊಂಗೆ ಹೂವು ಉದುರುವುದೆಂದರೆ ಅಕ್ಕಿ ಚೆಲ್ಲಿದ ಹಾಗೆ, ನಿಲ್ಲುವುದೇ ಇಲ್ಲ. ಅವರು ಊದಿದಷ್ಟೂ ಮರ ಉದುರಿಸುತ್ತಿತ್ತು. "ಮೂರು ದಿನದಿಂದ ಇದೇ ಆಗದೆ ಕಣವ್ವ. ಹೂವ ಕಸ ಅಂತಾರೆ," ಎಂದರು. ಯಂತ್ರದ ಗದ್ದಲಕ್ಕೆ ಕೂಗಿ ಹೇಳಬೇಕಾಯಿತು.

ಚಿತ್ರ ತೆಗೆಯುವವರು ಕ್ಯಾಮೆರಾ ನಿಲ್ಲಿಸುತ್ತಿದ್ದಾಗ ಯಜಮಾನರು ಯಂತ್ರ ಕೆಳಗಿಟ್ಟು ಹೊರಗೆ ಹೋದರು. ಮರಳಿ ಬಂದಾಗ ಜೊತೆಗೆ ಒಬ್ಬ ಹೆಂಗಸಿದ್ದರು. ಐವತ್ತು ದಾಟಿದವರು, ಜಾವಗಲ್‌ನಿಂದ ಬೆಳಿಗ್ಗೆಯೇ ಬಂದು ನಿಂತಿದ್ದರಂತೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಕಾಗದಪತ್ರ. ಬಿಸಿಲಿಗೆ ತಲೆ ಸುತ್ತಿ ಗೇಟಿನ ಹತ್ತಿರ ಕುಸಿದಿದ್ದರು. ಯಜಮಾನರು ಗಾಜಿನ ಬಾಗಿಲು ತಳ್ಳಿ, ಅವರನ್ನು ಹೊಂಗೆಯ ಬುಡದ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಆಕೆ ಎರಡು ಗುಟುಕು ಕುಡಿದು, ಕಾಂಡಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಮಡಿಲ ತುಂಬ ಹೂವು ಬೀಳುತ್ತಿತ್ತು.

"ಸರ್, ಆ ಅಮ್ಮ ಫ್ರೇಮಲ್ಲಿ ಬರ್ತಿದಾರೆ," ಎಂದರು ಕ್ಯಾಮೆರಾದವರು.

ಆರ್ಕಿಟೆಕ್ಟ್ ಯಾರಿಗೂ ಗದರಲಿಲ್ಲ. ಅವರು ಗದರುವ ಮನುಷ್ಯರಲ್ಲ. "ಯಜಮಾನ್ರೇ, ಒಂದು ಹತ್ತು ನಿಮಿಷ ಅವರನ್ನ ಬೇರೆ ಕಡೆ ಕೂರ್ಸಿ, ಬೆಳಕು ಹೋಗ್ಬಿಡುತ್ತೆ" ಎಂದರು ಮೆತ್ತಗೆ. ಮ್ಯಾನೇಜರು ಸೆಕ್ಯುರಿಟಿಯವನನ್ನು ನೋಡಿದರು. ಅವನು ಬಂದು, "ಏಳಮ್ಮ, ಏಳಿ ಏಳಿ" ಎಂದ.

ಆಕೆ ಎದ್ದರು. ಎದ್ದವರು ಸೆರಗಿನ ಹೂವು ಕೊಡವಿಕೊಂಡರು, ಆಮೇಲೆ ಬಗ್ಗಿ, ತಾವು ಕೂತಿದ್ದ ಕಲ್ಲನ್ನು ಅದೇ ಸೆರಗಿನಿಂದ ಒರೆಸಿದರು. ಒರೆಸಿ, "ತಪ್ಪಾಯ್ತು ಕಣಪ್ಪ" ಎಂದು ಹೊರಗೆ ಹೋದರು.

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಜೋರಿನವಳು. ನನ್ನ ಬಾಯಿಂದ ಒಂದು ಸೊಲ್ಲು ಬರಲಿಲ್ಲ. ಬೆಳಕು ಹೋಗುತ್ತದೆ ಎಂಬ ಮಾತನ್ನು ನಾನೂ ಒಂದು ಕ್ಷಣ ನಂಬಿದ್ದೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುವುದು ಇದಕ್ಕೇ.

ಆಮೇಲೆ ಕಚೇರಿಯ ಒಳಗಿನಿಂದ ಮೂವರು ಸಿಬ್ಬಂದಿಯನ್ನು ಕರೆದು, ಲ್ಯಾಪ್‌ಟಾಪ್ ಕೊಟ್ಟು, ಅದೇ ಕಲ್ಲಿನ ಮೇಲೆ ಕೂರಿಸಿ ನಗಲು ಹೇಳಿದರು. ಹೂವು ಊದು ಎಂದು ಮ್ಯಾನೇಜರು ಯಜಮಾನರಿಗೆ ಸನ್ನೆ ಮಾಡಿದರು. ಯಜಮಾನರು ಯಂತ್ರವನ್ನು ಎತ್ತಿ ಮ್ಯಾನೇಜರ ಕೈಗೇ ಕೊಟ್ಟರು.

"ನೀವೇ ಊದ್ಕಳಿ ಸಾ. ನಾನು ಗಿಡಕ್ಕೆ ನೀರು ಹಾಕಾಕೆ ಬಂದೋನು. ಜನುನ್ನ ಊದಾಕೆ ಬಂದೋನಲ್ಲ."

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು. ಆಗ ನನ್ನ ಕಾಲಿಗೂ ಜೀವ ಬಂತು.

ಅಧ್ಯಕ್ಷರ ಕೋಣೆಯ ಬಾಗಿಲು ತಟ್ಟದೆ ನುಗ್ಗಿದೆ. ಏನೇನು ಕೂಗಾಡಿದೆನೋ ಎಲ್ಲ ನೆನಪಿಲ್ಲ. ಹೊರಗೆ ನಿಂತವರ ಕೊಬ್ಬರಿಯಿಂದಲೇ ಈ ಗೋಡೆ ಎದ್ದಿದ್ದು ಎಂದೆ. ಮರ ಕಡಿದುಹಾಕಿದ್ದರೇ ವಾಸಿಯಿತ್ತು, ನೆರಳು ತೋರಿಸಿ ಕೊಡದಿರುವುದಕ್ಕಿಂತ ಎಂದೆ. ಹೊರಗಿನ ಮರಗಳನ್ನು ಯಾರು ಬದಲಾಯಿಸಿದ್ದು, ಯಾರ ಅಪ್ಪಣೆ ಕೇಳಿ ಎಂದೆ. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿ ತಿರುಗಿಸಿ, ಹಿಂದಿನ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದ ದೊಡ್ಡ ಬಣ್ಣದ ಚಿತ್ರದ ಕಡೆ ಕೈ ತೋರಿಸಿದರು.

"ಇದು ಯಾರು ಬರ್ದಿದ್ದಮ್ಮ?"

ಕಟ್ಟುವ ಮೊದಲು ಅಂಗಳ ಹೇಗಿರುತ್ತದೆ ಎಂದು ತೋರಿಸಲು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಚಿತ್ರ. "ನಾನೇ," ಎಂದೆ.

"ಇದ್ರಲ್ಲಿ ನಮ್ಮ ರೈತ ಒಬ್ಬುನ್ನ ತೋರ್ಸು ನೋಡಾನ."

ನೋಡಿದೆ. ಇಂಥ ಚಿತ್ರಗಳಲ್ಲಿ ಮನುಷ್ಯರನ್ನು ನಾವು ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಸಿದ್ಧ ಮನುಷ್ಯರು ಇರುತ್ತಾರೆ, ಬೇಕಾದವರನ್ನು ಆರಿಸಿ ಅಂಟಿಸುವುದು. ಹೊಂಗೆಯಡಿಯಲ್ಲಿ ನಾನು ಏಳು ಜನರನ್ನು ಅಂಟಿಸಿದ್ದೆ. ಕಪ್ಪು ಕನ್ನಡಕದ ಬಿಳಿ ಹೆಂಗಸೊಬ್ಬಳು ನಾಯಿ ಹಿಡಿದು ನಡೆಯುತ್ತಿದ್ದಳು. ಸೂಟು ಹಾಕಿದ ಇಬ್ಬರು ಕೈ ಕುಲುಕುತ್ತಿದ್ದರು. ಒಬ್ಬಳು ಕಾಲು ಚಾಚಿ ಲ್ಯಾಪ್‌ಟಾಪ್ ನೋಡುತ್ತಿದ್ದಳು. ಬಲೂನು ಹಿಡಿದ ಮಗು, ಅದರ ಅಪ್ಪ ಅಮ್ಮ. ಪಂಚೆಯವನಿಲ್ಲ, ಟವೆಲಿನವನಿಲ್ಲ, ಕವರು ಹಿಡಿದ ಹೆಂಗಸಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ಅದೇ ಮರದಡಿ ಬುತ್ತಿ ಉಂಡವಳು ನಾನು. ನನಗೆ ನನ್ನ ಅಪ್ಪನೂ ನೆನಪಾಗಿರಲಿಲ್ಲ.

"ನೀನು ಬರ್ದಂಗೇ ನಡೆಸ್ತಾ ಇದೀವಿ ಕಣಮ್ಮ," ಎಂದರು ಅಧ್ಯಕ್ಷರು. ನಗಲಿಲ್ಲ. ಗೆದ್ದವರ ಹಾಗೆಯೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಹೊರಗೆ ಬಂದರೆ ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಯಜಮಾನರು ಕೂತಿದ್ದರು. ಜಾವಗಲ್‌ನ ಹೆಂಗಸನ್ನೂ ಅಲ್ಲೇ ಕೂರಿಸಿ, ಟೀ ಕುಡಿಸಿ, ಊರ ಕಡೆಯವರೊಬ್ಬರ ಜೊತೆ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸಿಯಾಗಿತ್ತು. ನಾನು ಪಕ್ಕದಲ್ಲಿ ಕೂತು, ಫೋನಿನಲ್ಲಿದ್ದ ಆ ಚಿತ್ರ ತೆಗೆದು ಅವರಿಗೆ ತೋರಿಸಿದೆ. ಯಾಕೆ ತೋರಿಸಿದೆನೋ. ಬೈಸಿಕೊಳ್ಳಬೇಕು ಅನ್ನಿಸಿರಬೇಕು.

ಅವರು ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. "ಇವ್ರೆಲ್ಲ ಯಾವೂರವ್ರವ್ವ?"

"ಗೊತ್ತಿಲ್ಲ ಯಜಮಾನ್ರೇ. ಕಂಪ್ಯೂಟರಲ್ಲಿ ಇರ್ತಾರೆ."

"ಓಹೋ." ಇನ್ನಷ್ಟು ಹೊತ್ತು ನೋಡಿದರು. "ನಾಯಿನೂ ಒಳಿಕ್ಕೆ ಬುಟ್ಟವ್ರಲ್ಲ!"

ಅಷ್ಟೇ ಅವರು ಅಂದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ಅಪ್ಪ ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಿದ್ದರು. ನಾನು ನಿಂತುಕೊಂಡೇ ನಡೆದದ್ದನ್ನೆಲ್ಲ ಒದರಿದೆ. ಅವರು ತುತ್ತು ನಿಲ್ಲಿಸಲಿಲ್ಲ. ಕೈ ತೊಳೆದು ಬಂದು, "ಬರೋ ತಿಂಗಳು ಸರ್ವ ಸದಸ್ಯರ ಸಭೆ ಇದೆ. ನಾನು ಕೇಳ್ತೀನಿ" ಎಂದರು. ನಾನು ನಂಬಲಿಲ್ಲ. ಅಪ್ಪ ಎಂದೂ ಯಾವ ಸಭೆಯಲ್ಲೂ ಬಾಯಿ ತೆರೆದವರಲ್ಲ. ನಮ್ಮದು ಬಸದಿಯ ಬೀದಿಯ ನಾಲ್ಕೇ ಜೈನ ಮನೆಯವರ ಬದುಕು. ಎಲ್ಲರ ಜೊತೆ ಚೆನ್ನಾಗಿರುವುದೇ ಅವರಿಗೆ ವ್ಯಾಪಾರವೂ ಆಗಿತ್ತು, ಧರ್ಮವೂ ಆಗಿತ್ತು.

ಸಭೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸದಸ್ಯಳಲ್ಲದ ನನಗೆ ಮಾತಾಡುವ ಹಕ್ಕಿರಲಿಲ್ಲ. ಇತರೆ ವಿಷಯಗಳು ಎಂದಾಗ ಅಪ್ಪ ಎದ್ದು ನಿಂತರು.

"ಅಧ್ಯಕ್ಷರೇ, ಒಳಗಡೆ ಒಂದು ಹೊಂಗೆ ಮರ ಇದೆ. ಅದು ಯಾರದು ಅಂತ ತಿಳಿಸಬೇಕು."

"ಸಂಘದ್ದು," ಎಂದರು ಅಧ್ಯಕ್ಷರು.

"ಸಂಘ ಯಾರದು?"

ಹಿಂದಿನಿಂದ ಯಾರೋ, "ಅಂಗ್ ಕೇಳಿ!" ಎಂದರು. ಇನ್ನೊಬ್ಬರು ಎದ್ದು, ತಮ್ಮ ತಾಯಿ ಬಿಸಿಲಲ್ಲಿ ನಿಂತದ್ದನ್ನು ಹೇಳಿದರು. ಮತ್ತೊಬ್ಬರು ಪಾಮ್ ಗಿಡಗಳಿಗೆ ಒಂದು ಮಾತು ಅಂದರು, ಅದನ್ನು ಇಲ್ಲಿ ಬರೆಯಲಾಗದು. ಅರ್ಧ ಗಂಟೆ ಗಲಾಟೆ ನಡೆದು, ಕಚೇರಿಯ ಹೊತ್ತಿನಲ್ಲಿ ಅಂಗಳದ ಬಾಗಿಲು ಎಲ್ಲರಿಗೂ ತೆರೆದಿರತಕ್ಕದ್ದು ಎಂದು ಠರಾವಾಯಿತು. ಅಪ್ಪ ಕೂತಾಗ ಅವರ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

ಇದು ಇಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ವಾರ ಕಳೆದು ಹೋಗಿ ನೋಡಿದರೆ ಬಾಗಿಲು ತೆರೆದಿತ್ತು, ಬೀಗ ಇರಲಿಲ್ಲ. ಅಂಗಳ ಖಾಲಿ. ಜನರೆಲ್ಲ ಮೊದಲಿನಂತೆಯೇ ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತಿದ್ದರು.

"ಒಳಗೆ ಹೋಗಿ ಕೂತ್ಕೊಳ್ರೀ, ಬಾಗಿಲು ತೆಗೆದಿದೆ," ಎಂದೆ. ಯಾರೂ ಕದಲಲಿಲ್ಲ. ಮಾದಿಹಳ್ಳಿಯ ರೈತರೊಬ್ಬರು ನಕ್ಕು, "ಇರ್ಲಿ ಬುಡವ್ವ, ಇಲ್ಲೇ ಸರಿಯಾಗೈತೆ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಏನು ಸರಿಯಾಗಿದೆ? ನಿಮಗೋಸ್ಕರ ಸಭೇಲಿ ಜಗಳ ಮಾಡಿ ಬಾಗಿಲು ತೆಗೆಸಿದ್ರೆ ನೀವು ಇಲ್ಲಿ ಬೇಯ್ತಾ ನಿಂತಿದ್ದೀರಲ್ಲ, ಕಾಲಿಗೇನಾಗಿದೆ?" ಎಂದು ಆ ದೊಡ್ಡವರಿಗೆ ಕೂಗಿಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒಂದ್ ಕಿತ ಎಬ್ಬಿಸಿದ್ರು ಅಂದ್ರೆ ಸಾಕಲ್ವೇನವ್ವ? ನೆಲ ನೋಡು, ಮುಖ ಕಾಣ್ತೈತೆ. ಇಂಥ ಎಕ್ಕಡ ಹಾಕ್ಕಂಡು ಅಲ್ಲೋಗಿ ಸುಮ್ನೆ ಕೂತ್ಕಂಡ್ರೆ ಯಾಕೆ ಕೂತೆ ಅಂತಾರೆ. ಕೆಲ್ಸ ಇದ್ರೆ ಹೋಗ್ಬೋದು. ನೆಳ್ಳಿಗೆ ಅಂತ ಹೆಂಗವ್ವ ಹೋಗಾದು?"

ನನ್ನ ಕಾಲೇಜಿನಲ್ಲಿ ಐದು ವರ್ಷ ಯಾರೂ ಹೇಳಿಕೊಡದ ಪಾಠವನ್ನು ಅವರು ಬಿಸಿಲಲ್ಲಿ ನಿಂತು ಹೇಳಿದ್ದರು. ಕೆಲಸ ಇದ್ದರೆ ಹೋಗಬಹುದು. ಹಳೆಯ ಕಚೇರಿಯಲ್ಲಿ ಮರದಡಿ ಕೂತವರೂ ನೆರಳಿಗೆಂದು ಬಂದವರಲ್ಲ, ಹೆಸರು ಕೂಗುವ ಬಾಗಿಲು ಅಲ್ಲಿತ್ತು, ಅದಕ್ಕೆ ಬಂದವರು. ಬಾಗಿಲನ್ನು ಒಳಗೆ ಒಯ್ದು ಮರವನ್ನು ಗಾಜಿನಾಚೆ ಬಿಟ್ಟ ಮೇಲೆ ಮರ ಎಂಬುದು ಚಿತ್ರವಾಗಿ ಹೋಯಿತು.

ಮೂರು ದಿನ ಕೂತು ಹೊಸ ನಕ್ಷೆ ಬರೆದೆ. ಗೇಟಿನ ಪಕ್ಕದಿಂದ ಅಂಗಳಕ್ಕೆ ನೇರ ಒಂದು ದಾರಿ. ಅಂಗಳದ ಕಡೆಯ ಗಾಜು ಕೊಯ್ದು ಅಲ್ಲಿ ಕಿಟಕಿ. ಕಾಗದಪತ್ರ ಪಡೆಯುವ ಕೌಂಟರ್ ಆ ಕಿಟಕಿಯ ಹಿಂದೆ. ಈ ಸಲ ಕಂಪ್ಯೂಟರಿನ ಮನುಷ್ಯರನ್ನು ಮುಟ್ಟಲಿಲ್ಲ. ಅರಸೀಕೆರೆ ಬಸ್ಸಿನಲ್ಲಿ ಹೋಗುತ್ತ ಬರುತ್ತ ಪಕ್ಕದವರನ್ನು ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದು, ಅವರನ್ನೇ ಕೂರಿಸಿದೆ. ಕೈಕಾಲು ಸೊಟ್ಟಗಿದ್ದವು. ಇರಲಿ ಎಂದು ಬಿಟ್ಟೆ.

ಅಧ್ಯಕ್ಷರು ಮೊದಲು ಒಪ್ಪಲಿಲ್ಲ. "ಗಾಜು ಕೊಯ್ಯಾದಾ? ಲುಕ್ಕೇ ಹೊಂಟೋಯ್ತದೆ." ಅಪ್ಪ ಮತ್ತು ಇನ್ನಷ್ಟು ಸದಸ್ಯರು ಸಹಿ ಹಾಕಿ ಕೊಟ್ಟರು, ಆಡಳಿತ ಮಂಡಳಿಯಲ್ಲಿ ಎರಡು ಸಲ ಚರ್ಚೆಯಾಯಿತು. ಕೊನೆಗೆ ಒಪ್ಪಿದರು. ಯಾಕೆ ಒಪ್ಪಿದರು ಎಂದೂ ಹೇಳಬೇಕು. "ಒಳ್ಳೇದೇ ಬುಡು. ಜನ ಹಾಲ್ ಒಳಿಕ್ಕೆ ಬರಾದು ತಪ್ತದೆ, ಟೈಲ್ಸು ಗಲೀಜಾಗಲ್ಲ" ಎಂದರು. ಈ ಮಾತು ಕೇಳಿ ನಕ್ಷೆ ಹರಿದುಹಾಕಿ ಬರಬೇಕಿತ್ತು. ಹರಿಯಲಿಲ್ಲ. ಸಿಟ್ಟನ್ನು ನುಂಗಿ ಸಹಿ ಮಾಡಿಸಿಕೊಂಡೆ.

ಯಜಮಾನರು ಕೆಲಸಕ್ಕೆ ವಾಪಸು ಬರಲಿಲ್ಲ. ಮಕ್ಕಳ ರಾಗಿ ಹೊಲ ನೋಡಿಕೊಂಡು ಊರಲ್ಲೇ ಇದ್ದರು. ಆದರೆ ನಾನು ಕೇಳಿಕೊಂಡಾಗ ಒಂದು ದಿನಕ್ಕೆಂದು ಬಂದರು, ತಮ್ಮದೇ ಹಾರೆ ಹೊತ್ತುಕೊಂಡು. ಹೊಂಗೆಯ ಬುಡದ ಗ್ರಾನೈಟನ್ನು ಸುತ್ತ ನಾಲ್ಕಡಿ ಕಿತ್ತು, ಅಡಿಯ ಸಿಮೆಂಟು ಒಡೆದು, ಗೊಬ್ಬರದ ಮಣ್ಣು ತುಂಬಿ ಪಾತಿ ಮಾಡಿದರು. ಒಂದೊಂದು ಕಲ್ಲು ಏಳುವಾಗಲೂ ಮ್ಯಾನೇಜರು ತಮ್ಮ ಹಲ್ಲು ಕೀಳುತ್ತಿರುವ ಹಾಗೆ ಮುಖ ಮಾಡುತ್ತಿದ್ದರು. ನನಗೆ ಅದು ಖುಷಿ ಕೊಟ್ಟಿತು. ಮುಚ್ಚಿಡುವುದಿಲ್ಲ.

ಕಿಟಕಿ ತೆರೆದ ದಿನ ಜನ ಕರೆಯದೆಯೇ ಬಂದರು. ಮೊದಲು ಕಿಟಕಿಯ ಮುಂದೆ ಸಾಲು, ಆಮೇಲೆ ಸಾಲು ಸಡಿಲಾಗಿ ಒಬ್ಬೊಬ್ಬರೇ ಬುಡದ ಕಡೆ ಸರಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಟವೆಲ್ ಹಾಸಿದ್ದರು.

ಆರ್ಕಿಟೆಕ್ಟ್‌ಗೆ ಸುದ್ದಿ ಮುಟ್ಟಿ ಫೋನ್ ಬಂತು. ಆಗಲೂ ಮೆಲುದನಿಯೇ. "ನೀವು ನನ್ನ ಕಟ್ಟಡಕ್ಕೆ ತೂತು ಕೊರೆದ್ರಿ. ಒಂದು ಮಾತು ಕೇಳ್ಬಹುದಿತ್ತು."

"ನೀವು ನನ್ನ ಮರಗಳನ್ನ ತೆಗೆದು ಪಾಮ್ ಹಾಕಿದಾಗ ಕೇಳಿದ್ರಾ?"

"ಅದು ಬೇರೆ. ನಿಮಗೆ ಕೋಪ ಜಾಸ್ತಿ."

"ಹೌದು, ಜಾಸ್ತಿ," ಎಂದು ಫೋನಿಟ್ಟೆ. ಅವರ ಜೊತೆ ಅದೇ ಕೊನೆಯ ಮಾತು. ಅವತ್ತು ತೆಗೆಸಿದ ಚಿತ್ರವನ್ನು ಅವರು ಈಗಲೂ ಎಲ್ಲ ಕಡೆ ತೋರಿಸುತ್ತಾರೆಂದು ಕೇಳಿದ್ದೇನೆ. ಮರ, ಗಾಜು, ಲ್ಯಾಪ್‌ಟಾಪಿನ ಮೂವರು.

ಹೊಂಗೆಗೆ ಮುಂದಿನ ಬೇಸಿಗೆ ಬೇರೆ ಪೆಟ್ಟು ಬಿತ್ತು. ಒಳಗಿನ ಹಾಲ್‌ನ ಏಸಿಗಳ ಬಿಸಿಗಾಳಿ ಬಿಡುವ ಪೆಟ್ಟಿಗೆಗಳು ರಸ್ತೆಗೆ ಕಾಣಬಾರದೆಂದು ಪಡುವಣ ಗೋಡೆಯಲ್ಲಿದ್ದವನ್ನೆಲ್ಲ ಅಂಗಳದ ಕಡೆಗೆ ತಿರುಗಿಸಿದರು. ಆ ಬದಿಯ ದೊಡ್ಡ ಕೊಂಬೆಯ ಎಲೆ ಸುಟ್ಟ ಹಪ್ಪಳದ ಹಾಗಾಯಿತು. ಮಳೆ ಬಂದ ಮೇಲೆ ಚಿಗುರುತ್ತದೆ ಎಂದು ಕಾದೆ. ಚಿಗುರಲಿಲ್ಲ. ಕೆಳಗೆ ಜನ ಕೂರುವ ಜಾಗ, ಒಣಕೊಂಬೆ ಬಿದ್ದರೆ ತಲೆ ಒಡೆಯುತ್ತದೆ ಎಂದು ನಾನೇ ನಿಂತು ಅದನ್ನು ಕಡಿಸಬೇಕಾಯಿತು. ಕೊಡಲಿಯಿಂದ ಉಳಿಸಿದವಳು ಕೊಡಲಿ ಹಿಡಿಸಿದೆ. ಪೆಟ್ಟಿಗೆಗಳನ್ನು ತಾರಸಿಗೆ ಸಾಗಿಸಿ ಎಂದು ಅವತ್ತೇ ಪತ್ರ ಕೊಟ್ಟೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಮರುವರ್ಷ ಮತ್ತೆ ಕೊಟ್ಟೆ, ಪರಿಶೀಲನೆಯಲ್ಲಿದೆ.

ಮೊನ್ನೆ ಅಂಗಳದ ಆ ಕಿಟಕಿಯಲ್ಲೇ ಮತ್ತೊಂದನ್ನು ಕೊಟ್ಟು ಬಂದೆ. ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಪತ್ರ ಬಿಡಿಸಿ ಕಣ್ಣಾಡಿಸಿ, ಸೀಲು ಎತ್ತಿದವಳು ಅರ್ಧದಲ್ಲೇ ನಿಲ್ಲಿಸಿದಳು.

"ಮೇಡಂ, ಹೋದ ಸಲ ಕೊಟ್ಟಿದ್ದೂ ಇದೇ ಅಲ್ವಾ?"

"ಇದೇ," ಎಂದೆ. "ಮುಂದಿನ ಸಲ ಕೊಡೋದೂ ಇದೇ. ನೀವು ಸೀಲು ಒತ್ತಿ."